ಹೋಗಿಬರ್ತೀನಿ, ಸರ್

ಮೆಟ್ಟಿಲಿಳಿಯುತ್ತಾ ದ್ವಾರಕಾನಾಥ ಬಾಯಿತಪ್ಪಿ ಅಂದದ್ದು ಇಷ್ಟೇ: "ಹೋಗ್ತೀನಿ ಆಂಟಿ."

ಕೆಳಗಿನ ಮನೆಯ ಗಿರಿಜಾದೇವಿ ಕಾಫಿ ಲೋಟ ಹಿಡಿದವರು ಹಾಗೇ ನಿಂತುಬಿಟ್ಟರು. "ಬಿಡ್ತು ಅನ್ನೋ! ಇಂಟರ್‌ವ್ಯೂಗೆ ಹೊರಟವನು ಹೋಗ್ತೀನಿ ಅಂತಾನೇನೋ? ಮೈಸೂರು ಬಿಟ್ಟ ಮೇಲೆ ಎಲ್ಲಾ ಮರೆತೋಯ್ತಾ? ಒಳಗೆ ಬಾ, ಕೂತ್ಕೊ, ನೀರು ಕುಡಿ. ಹೋಗಿಬರ್ತೀನಿ ಅಂತ ಹೇಳಿ ಮತ್ತೆ ಹೊರಡು. ಇವತ್ತು ಯಾರ ಹತ್ರ ಹೇಳಿ ಹೊರಟ್ರೂ ಹಾಗೇ ಹೇಳ್ಬೇಕು, ತಿಳೀತಾ?"

ಅವನು ನೀರು ಕುಡಿಯುವಷ್ಟರಲ್ಲಿ ಬಸ್ಸು ಹೊರಟುಹೋಯಿತು.

ಏನೇ ಆಗಲಿ, ಈ ಕೆಲಸ ಗಿಟ್ಟಿಸಿಯೇ ಸೈ ಎಂದು ದ್ವಾರಕಾನಾಥ ಹಟ ತೊಟ್ಟಿದ್ದ. ಅದು ಎಪ್ಪತ್ತೆರಡನೇ ಇಸವಿಯ ಚಳಿಗಾಲ. ನ್ಯೂಜೆರ್ಸಿಯಲ್ಲಿ ಬಯೋಕೆಮಿಸ್ಟ್ರಿ ಪಿಎಚ್.ಡಿ. ಆಗಷ್ಟೇ ಮುಗಿದಿತ್ತು. ಜುಲೈ ತಿಂಗಳಲ್ಲೂ ಸ್ವೆಟರ್ ಹಾಕಿಕೊಂಡು ಕೋಲ್ಡ್ ರೂಮಿನಲ್ಲಿ ನಿಂತು, ಹಂದಿಯ ಮೂತ್ರಪಿಂಡ ಅರೆದು, ಎನ್‌ಜೈಮ್ ಸೋಸಿ ಸೋಸಿ ಅವನ ಯೌವನವೇ ಸೋಸಿಹೋಗಿತ್ತು. ಗಿರಿಜಾದೇವಿಗೆ ಮಾತ್ರ ತಾನು ಅರೆಯುವುದು ಸೋಯಾಬೀನ್ ಎಂದು ಹೇಳಿದ್ದ. ಮಾರಿಸ್‌ಟೌನಿನ ಔಷಧಿ ಕಂಪನಿಯೊಂದರಲ್ಲಿ ಒಂದೇ ಒಂದು ಕೆಲಸ ಖಾಲಿ ಇತ್ತು. ಸಿಕ್ಕರೆ ಕೋಲ್ಡ್ ರೂಮಿನಿಂದ ಬಿಡುಗಡೆ.

ಪಕ್ಕದ ಮನೆಯ ಧಾರವಾಡದ ಎಂಜಿನಿಯರ್ ಅಡಿವೆಪ್ಪ ಕಾರು ತೆಗೆದರು. "ಲಗೂ ಹತ್ತೋ ತಮ್ಮಾ. ನಾ ಮುಟ್ಟಸ್ತೀನಿ."

ದಾರಿಯಲ್ಲಿ, ಇಂಟರ್‌ವ್ಯೂನಲ್ಲಿ ಪರದೆಯ ಮೇಲೆ ತೋರಿಸಬೇಕಿದ್ದ ಸ್ಲೈಡುಗಳಿಗಾಗಿ ಲ್ಯಾಬಿಗೆ ಹೋದರೆ ಅವನ ಪ್ರೊಫೆಸರು ಕೆಟ್ಟ ಪಂಪೊಂದನ್ನು ಎದೆಗವಚಿಕೊಂಡು ನಿಂತಿದ್ದರು. ಆರು ವರ್ಷ ಆ ಪಂಪನ್ನು ರಿಪೇರಿ ಮಾಡಿದವನು ದ್ವಾರಕಾನಾಥನೇ.

"ಹಾಗಾದರೆ ನಮ್ಮನ್ನು ಬಿಟ್ಟು ಹೋಗುತ್ತಿದ್ದೀಯ?"

ಆಂಟಿಯ ಮಾತು ನೆನಪಾಯಿತು. "ಐ ವಿಲ್ ಗೋ ಅಂಡ್ ಕಮ್, ಸರ್."

"ಬರುತ್ತೀಯಾ? ನಿಜವಾಗಿ?"

"ಖಂಡಿತ, ಸರ್."

ಪ್ರೊಫೆಸರ ಕಣ್ಣು ತುಂಬಿತು. ಶಿಷ್ಯವಾತ್ಸಲ್ಯ ಎಂದುಕೊಂಡ ದ್ವಾರಕಾನಾಥ ಸ್ಲೈಡುಗಳನ್ನು ಎತ್ತಿಕೊಂಡು ಹೊರಟ.

ಅರ್ಧ ದಾರಿಯಲ್ಲಿ ಕಾರು ಹಿಮದಲ್ಲಿ ಹೂತುಕೊಂಡಿತು. "ನೂಕೋ ತಮ್ಮಾ!" ಎಂದರು ಅಡಿವೆಪ್ಪ. ಕಾರು ಮುಂದೆ ಹೋಯಿತು, ದ್ವಾರಕಾನಾಥ ಮುಖ ಅಡಿಯಾಗಿ ಬಿದ್ದ, ಸ್ಲೈಡುಗಳು ಹಿಮದ ಪಾಲಾದವು. ಒಂದೊಂದನ್ನೇ ಹೆಕ್ಕಿ, ಸೂಟಿಗೆ ಒರೆಸಿಕೊಂಡು ಮತ್ತೆ ಕಾರು ಹತ್ತಿದ.

ಇಂಟರ್‌ವ್ಯೂನಲ್ಲಿ ಮೊದಲ ಸ್ಲೈಡು ತಲೆಕೆಳಗಾಗಿ ಬಂತು, ಎರಡನೆಯದು ಬರಲೇ ಇಲ್ಲ. ಹೊರಗೆ ಕಾಯುತ್ತಿದ್ದ ಇನ್ನೊಬ್ಬ ಅಭ್ಯರ್ಥಿ ಟೋನಿ ಬಾಗಿಲ ಸಂದಿಯಿಂದ ನೋಡಿ ನಕ್ಕ. ಅಷ್ಟರಲ್ಲಿ ಪಕ್ಕದ ಲ್ಯಾಬಿನಲ್ಲಿ ಗದ್ದಲ. ಅವರ ಪಂಪೂ ಕೆಟ್ಟು, ವಾರದ ಕೆಲಸವೆಲ್ಲ ನೆಲದ ಮೇಲೆ ಸೋರುತ್ತಿತ್ತು. ದ್ವಾರಕಾನಾಥ ಕೋಟು ಬಿಚ್ಚಿ ಎಸೆದು, ರಬ್ಬರ್ ಗ್ಲೌಸಿನ ಬೆರಳು ಕತ್ತರಿಸಿ ಪೈಪಿಗೆ ತೊಡಿಸಿ, ದಾರ ಸುತ್ತಿ ಬಿಗಿದ. ಸೋರುವುದು ನಿಂತಿತು.

ಇಂಟರ್‌ವ್ಯೂ ಮಾಡುತ್ತಿದ್ದ ಡೈರೆಕ್ಟರು ಹಿಗ್ಗಿದರು. "ಪಿಎಚ್.ಡಿ. ಅಂದರೆ ಇದು! ಥಿಯರಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಕೆಲಸ ನಿನಗೇ. ನಿನ್ನ ಪ್ರೊಫೆಸರಿಗೆ ಒಂದು ಫೋನ್ ಮಾಡಿ ಬರುತ್ತೇನೆ."

ವಾಪಸ್ ಬಂದಾಗ ಅವರ ಮುಖ ಸಪ್ಪಗಿತ್ತು. "ಮೊದಲೇ ಹೇಳಬಾರದಿತ್ತೇ? ಅವರ ಹತ್ತಿರವೇ ಮರಳಿ ಬರುತ್ತೇನೆಂದು ಬೆಳಿಗ್ಗೆ ಮಾತು ಕೊಟ್ಟಿದ್ದೀಯಂತೆ. ನಿನಗಾಗಿ ಎರಡು ವರ್ಷದ ಹುದ್ದೆಯನ್ನೂ ಮಂಜೂರು ಮಾಡಿಸಿಬಿಟ್ಟಿದ್ದಾರೆ. ಕೊಟ್ಟ ಮಾತು ಮುರಿಸುವ ಜನ ನಾವಲ್ಲ."

"ಸರ್, ನಮ್ಮ ಭಾಷೆಯಲ್ಲಿ ಬರ್ತೀನಿ ಅಂದರೆ ಹೋಗ್ತೀನಿ ಅಂತ ಅರ್ಥ!"

ಡೈರೆಕ್ಟರು ಕನಿಕರದಿಂದ ಅವನ ಭುಜ ತಟ್ಟಿ, ಟೋನಿಯನ್ನು ಒಳಗೆ ಕರೆದರು.

ಸಂಜೆ ಬಾಗಿಲಲ್ಲೇ ಕಾದಿದ್ದ ಗಿರಿಜಾದೇವಿ ಎಲ್ಲ ಕೇಳಿ ಕೈಮುಗಿದರು. "ನೋಡಿದ್ಯಾ? ಹೋಗಿಬರ್ತೀನಿ ಅಂದಿದ್ದಕ್ಕೇ ಇದ್ದ ಜಾಗಕ್ಕೆ ಕ್ಷೇಮವಾಗಿ ಬಂದೆ!"

ದ್ವಾರಕಾನಾಥನ ಹಟ ಇನ್ನೂ ಇಳಿದಿರಲಿಲ್ಲ. ಅವನು ಗಿರ್ರನೆ ತಿರುಗಿ ಮೆಟ್ಟಿಲಿಳಿದ. "ಈಗಲೇ ಪ್ರೊಫೆಸರ್ ಮನೆಗೆ ಹೊರಟೆ ಆಂಟಿ. ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡ್ತೀನಿ, ನಾನು ಹೋಗ್ತೀನಿ ಅಂತ!"

"ಬಿಡ್ತು ಅನ್ನೋ!" ಗಿರಿಜಾದೇವಿ ಅವನ ಕೋಟು ಹಿಡಿದೆಳೆದರು. "ಒಳಗೆ ಬಾ, ಕೂತ್ಕೊ, ನೀರು ಕುಡಿ."

ಆ ಹೊತ್ತಿಗೆ ಕೊನೆಯ ಬಸ್ಸೂ ಹೊರಟುಹೋಯಿತು.