ಮರದ ಬಸ್ಸಿಗೆ ಸಿಕ್ಕ ಮರ್ಯಾದೆ

ಇದರ ಕೊನೆಯ ಭಾಗವನ್ನು ನನಗೆ ಮೊದಲು ಹೇಳಿದವರು ಬಿಜೈಯಲ್ಲಿ ನಮ್ಮ ಪಕ್ಕದ ಮನೆಯ ಟೀಚರ್ ಬಾಯಿ. ಕ್ರಿಶ್ಚಿಯನ್ ಹೆಂಗಸರಿಗೆ ನಮ್ಮ ಕಡೆ ಮರ್ಯಾದೆಯಿಂದ ಬಾಯಿ ಎನ್ನುವುದು. ಉಳಿದದ್ದಕ್ಕೆಲ್ಲ ನಾನೇ ಸಾಕ್ಷಿ. ಬಿಡುವಿನಲ್ಲಿ ಮರದ ಬಸ್ಸು, ಲಾರಿ ಮಾಡಿ ಮಾರುವವನ ಮನೆಯಲ್ಲಿ ನಗುವಿಗೆ ಬರಗಾಲ ಬರುವುದಿಲ್ಲ, ದೇವರ ದಯೆ.

ಮುಚ್ಚಳ ಎಲ್ಲಿ?

ಒಮ್ಮೆ ಒಂದು ಮೇಳದಲ್ಲಿ ನನ್ನ ಗಾಡಿಗಳನ್ನು ಮಾರಾಟಕ್ಕೆ ಇಟ್ಟಿದ್ದೆ. ಹಲಸಿನ ಮರದ ತುಂಡುಗಳಿಂದ ಮಾಡಿದ ಸಿಟಿ ಬಸ್ಸು, ಒಳಗೆ ಸೀಟು, ಸೀಟಿನ ಮೇಲೆ ಹಿಡಿಯಲು ಕಂಬಿ. ಒಬ್ಬರು ಅಮ್ಮ ಅದನ್ನೆತ್ತಿ ಮೇಲೆ ಕೆಳಗೆ ತಿರುಗಿಸಿ ನೋಡಿದರು. ಕಲೆಯ ಬೆಲೆ ಗೊತ್ತಿರುವವರು ಎಂದು ನನಗೆ ಹಿಗ್ಗು. ಕೊನೆಗೆ ಕೇಳಿದರು, "ಮುಚ್ಚಳ ಎಲ್ಲುಂಟು? ಮಗಳ ಮದುವೆಗೆ ಲಾಡು ತುಂಬಿಸಿ ಕೊಡಲಿಕ್ಕೆ."

ಮನೆಗೆ ಬಂದು ಹೆಂಡತಿಯ ಹತ್ತಿರ ಬೇಸರ ತೋಡಿಕೊಂಡೆ. ಅವಳು ಅಕ್ಕಿ ಆರಿಸುತ್ತಲೇ, "ಒಂದು ಮುಚ್ಚಳ ಇಟ್ಟಿದ್ದರೆ ಎಂತ ಆಗ್ತಿತ್ತು?" ಎಂದಳು.

ಬಾಗಿಲು

ಟೀಚರ್ ಬಾಯಿಯ ಗಂಡ ಬದುಕಿಡೀ ಸಿಟಿ ಬಸ್ಸಿನ ಡ್ರೈವರ್. ಮಂಡಿ ನೋವಿನಿಂದ ಸ್ಟಿಯರಿಂಗ್ ಬಿಟ್ಟರು. ಅವರ ಬಸ್ಸೂ ಗುಜರಿಗೆ ಹೋಯಿತು. ಅಂದಿನಿಂದ ಅವರು ಮಾತು ಕಡಿಮೆ ಮಾಡಿದ್ದಾರೆ, ಆ ಬಸ್ಸನ್ನೇ ಮರದಲ್ಲಿ ಮಾಡಿಕೊಡಿ ಎಂದು ಬಾಯಿ ಕೇಳಿದರು. ಒಂದು ಫೋಟೋ ಕೂಡ ಇಲ್ಲ. ಅವರನ್ನೇ ಕೇಳಲು ಹೋದೆ.

"ಆಟದ ಸಾಮಾನಾದರೆ ಒಳಗೆ ತರಬೇಡಿ, ಶೆಟ್ರೇ" ಎಂದರು. "ಮೊಮ್ಮಕ್ಕಳು ದುಬಾಯಿಯಲ್ಲಿದ್ದಾರೆ. ಇಲ್ಲಿ ಆಡುವವರು ಯಾರೂ ಇಲ್ಲ."

ಆ ಮಾತು ನನಗೆ ನಾಟಿತು. ಲಾಡು ಡಬ್ಬಿ ಎಂದವರನ್ನು ಕ್ಷಮಿಸಬಹುದು. ಆದರೆ ಈ ಮನುಷ್ಯ ತನ್ನ ಬಸ್ಸನ್ನು ತನ್ನದು ಎನ್ನದಿದ್ದರೆ ನಾನು ಉಳಿ ಹಿಡಿದದ್ದೇ ದಂಡ.

ಆದರೂ ಕೇಳಿದ್ದಕ್ಕೆಲ್ಲ ಒಂದೊಂದು ಮಾತಿನ ಉತ್ತರ ಕೊಟ್ಟರು. ಅವರು ಹೇಳಿದ ಬಣ್ಣ, ಹೇಳಿದ ಪಟ್ಟಿ, ಎಲ್ಲ ಹಾಗೆಯೇ ಮಾಡಿದೆ. ಹಿಂದಿನ ಬಾಗಿಲಿಗೆ ಸಣ್ಣ ಬಿಜಾಗರಿ ಕೂಡಿಸಿ, ಬೆರಳು ತಾಗಿಸಿದರೆ ಸದ್ದಿಲ್ಲದೆ ಮುಚ್ಚುವ ಹಾಗೆ ಮಾಡಿ, ಬಣ್ಣ ಒಣಗುವ ಮೊದಲೇ ತೋರಿಸಲು ಕೊಂಡುಹೋದೆ. ಅವರು ಬಾಗಿಲನ್ನು ತೆರೆದರು, ಮುಚ್ಚಿದರು, ಮತ್ತೆ ತೆರೆದರು.

"ನಮ್ಮ ಬಸ್ಸಿನ ಬಾಗಿಲು ಯಾವ ದಿನ ಮುಚ್ಚಿದ್ದನ್ನು ನೋಡಿದ್ದೀರಿ ಮಾರಾಯ್ರೆ?"

ಅಷ್ಟು ಪಾಡುಪಟ್ಟು ಮಾಡಿದ ಬಾಗಿಲನ್ನು ತೆರೆದಿಟ್ಟು ಹಗ್ಗದಲ್ಲಿ ಬಿಗಿದು ಕಟ್ಟಿದೆ.

ನಿಂಬೆಹಣ್ಣು

ನಮ್ಮ ಮನೆಯಿಂದ ಯಾವ ಗಾಡಿಯೂ ಪೂಜೆಯಾಗದೆ ಹೊರಡುವುದಿಲ್ಲ. ಮರದ್ದಾದರೂ ಗಾಡಿ ಗಾಡಿಯೇ. ಕುಂಕುಮ ಹಚ್ಚಿ, ಆರತಿ ಎತ್ತಿ, ಕ್ರಮ ಪ್ರಕಾರ ಚಕ್ರದಡಿಗೆ ನಿಂಬೆಹಣ್ಣಿಟ್ಟು ತಳ್ಳಿದೆ. ಚಕ್ರಕ್ಕಿಂತ ನಿಂಬೆಯೇ ದೊಡ್ಡದು. ನಂತೂರಿನ ಏರಿನಲ್ಲಿ ಲೋಡು ಲಾರಿ ನಿಂತ ಹಾಗೆ ಬಸ್ಸು ನಿಂತುಬಿಟ್ಟಿತು. ಕೈಬಿಟ್ಟರೆ ರಿವರ್ಸ್ ಬರುತ್ತದೆ.

ಹೆಂಡತಿ ಒಳಗಿನಿಂದ ಒಂದು ದ್ರಾಕ್ಷಿ ತಂದು ಇಟ್ಟಳು. ಪಚಕ್ಕನೆ ಒಡೆಯಿತು, ಬಸ್ಸು ಹೊರಟಿತು. ಶಾಸ್ತ್ರದಲ್ಲಿ ಹೀಗೆ ಉಂಟಾ ಎಂದು ನಾನು ಅನುಮಾನ ಪಟ್ಟೆ.

"ಗಾಡಿ ಎಷ್ಟು ದೊಡ್ಡದು ಅಂತ ದೇವರಿಗೆ ಕಾಣುವುದಿಲ್ಲವಾ?" ಎಂದಳು.

ಸೈಡ್

ಇನ್ನು ಬಾಯಿ ಹೇಳಿದ್ದು.

ಬಸ್ಸು ಮನೆಗೆ ಬಂದ ದಿನ ಅವರ ಗಂಡ ಮೇಜಿಗೆ ಒಂದು ಸುತ್ತು ಬಂದು ನೋಡಿದರು, ಅಷ್ಟೆ. ಮರುದಿನ ಬೆಳಿಗ್ಗೆ ಇಸ್ತ್ರಿ ಶರ್ಟು ಹಾಕಿ ನಿಂತರು. ಶೆಟ್ರ ಪೂಜೆ ಆಗಿದೆ, ನಮ್ಮ ಕಡೆಯದ್ದೂ ಆಗಲಿ ಎಂದರು. ರಿಕ್ಷಾ ಹಿಡಿದು ಇಬ್ಬರೂ ಬಿಕರ್ನಕಟ್ಟೆಯ ಬಾಲಯೇಸುವಿನ ಇಗರ್ಜಿಗೆ ಹೋದರು.

ಅಲ್ಲಿ ಆಶೀರ್ವಾದಕ್ಕೆ ಬಂದ ಹೊಸ ಗಾಡಿಗಳು ಸಾಲಾಗಿ ನಿಂತಿದ್ದವು. ಬಸ್ಸನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಾರೆಂದು ಬಾಯಿ ಎಣಿಸಿದ್ದರು. ಇವರು ಅದನ್ನು ಸಾಲಿನ ನಡುವೆ ನೆಲದ ಮೇಲೆ ನಿಲ್ಲಿಸಿದರು. ಮುಂದಿನ ಗಾಡಿ ಸರಿದಂತೆ ತಾವೂ ಬಗ್ಗಿ, ಮಂಡಿ ನೋವು ನುಂಗಿಕೊಂಡು, ಅಷ್ಟೇ ತಳ್ಳಿದರು. ಹಿಂದೆ ಒಂದು ಹೊಸ ಕಾರು. ಅದರ ಹುಡುಗ ಮೆಲ್ಲ ಹಾರ್ನ್ ಹಾಕಿ, ಅಂಕಲ್, ಅದನ್ನು ಎತ್ತಿಕೊಂಡು ಸ್ವಲ್ಪ ಸೈಡ್ ಕೊಡಿ ಎಂದು ವಿನಯದಿಂದಲೇ ಕೇಳಿದ.

ಇವರು ಹಿಂತಿರುಗಿಯೂ ನೋಡಲಿಲ್ಲ. "ಇದು ಸಿಟಿ ಬಸ್ಸು ಮಾರಾಯ. ಸೈಡ್ ಕೊಟ್ಟು ಅಭ್ಯಾಸ ಇಲ್ಲ."

ಅಷ್ಟರಲ್ಲಿ ಫಾದರ್ ಬಂದರು. ತೀರ್ಥ ಹಾಕಲು ಬಗ್ಗಿದವರು ಹಾಗೆಯೇ ಕಣ್ಣು ಕಿರಿದು ಮಾಡಿ ನೋಡಿ, ಈ ಬಸ್ಸಿನಲ್ಲಿ ನಾನು ಕಾಲೇಜಿಗೆ ಹೋಗ್ತಿದ್ದೆನಲ್ಲ, ಯಾರದ್ದಿದು ಎಂದು ಕೇಳಿದರು.

"ನನ್ನದು, ಫಾದರ್."

ಬಾಯಿ ಬೇಲಿಯಾಚೆ ನಿಂತು ಈ ಮಾತು ಹೇಳುವಾಗ ನಾನು ಉಳಿ ಕೆಳಗಿಟ್ಟು ಕೈಮುಗಿದೆ. ಯಾವ ದೇವರಿಗೆ ಎಂದು ವಿಂಗಡಿಸಲು ಹೋಗಲಿಲ್ಲ.

ಫಾದರ್ ಬಸ್ಸಿನ ಮೇಲೆ ತೀರ್ಥ ಚಿಮುಕಿಸಿದರು. ನಂತರ ಡ್ರೈವರ್ ಮುಖವನ್ನು ಚೆನ್ನಾಗಿ ನೋಡಿ, ಗುರುತು ಹತ್ತಿ, ಇನ್ನೊಮ್ಮೆ ಧಾರಾಳವಾಗಿ ಚಿಮುಕಿಸಿದರು. ಎರಡು ಸಲ ಯಾಕೆ ಎಂದು ಬಾಯಿ ಕೇಳಿದರಂತೆ.

"ಮೊದಲನೆಯದ್ದು ಬಸ್ಸಿಗೆ. ಎರಡನೆಯದ್ದು, ಇವರೆದುರು ರಸ್ತೆ ದಾಟುವವರಿಗೆ."

ಇದನ್ನು ನೀವೂ ನಾಲ್ಕು ಜನಕ್ಕೆ ಹೇಳಬೇಕೆಂದು ನನ್ನ ವಿನಂತಿ. ಸಿಟಿ ಬಸ್ಸಿನಲ್ಲಿ ಸೀಟು ಸಿಗದೆ ನಿಂತಿದ್ದಾಗ ಪಕ್ಕದವರಿಗೆ ಹೇಳಿದರೂ ಸಾಕು. ಡ್ರೈವರಿಗೂ ಕೇಳುವ ಹಾಗೆ, ಸ್ವಲ್ಪ ಜೋರಾಗಿ.