ಎಡಗೈ ಕತ್ತರಿಸಿದ ಕೋಟು

ಎಲ್ಲಕ್ಕೂ ಮೂಲ ಒಂದು ಬೀರುವಿನ ಬಾಗಿಲು.

ಬೆಳಿಗ್ಗೆ ಏಳೂವರೆಗೆ ಮಾಸ್ಟರ ಹೆಂಡತಿ ಬಲಗೈಯಲ್ಲಿ ಬಕೆಟ್ಟು ಹಿಡಿದುಕೊಂಡು ಎಡಗೈಯಿಂದ ಬೀರುವಿನ ಬಾಗಿಲು ತಳ್ಳಿದರು. ಅದು ಸರಿಯಾಗಿ ಕೂರದೆ ಮತ್ತೆ ತೆರೆದುಕೊಂಡಿತು. ಮಾಸ್ಟರಿಗೆ ಅಷ್ಟು ಸಾಕಾಯಿತು.

"ಎಡಗೈಲಿ ಮುಚ್ಚಿದ್ರೆ ಎಲ್ಲಿ ಮುಚ್ಚುತ್ತೆ? ಸಾವಿರ ಸಲ ಹೇಳಿದೀನಿ. ಬಲಗೈ ಅಂತ ಒಂದು ಇರೋದು ಯಾತಕ್ಕೆ? ಇಲ್ಲಿ ನೋಡು, ಹೀಗೆ!"

ಹೀಗೆಂದವರೇ ಬಲಗೈಯಲ್ಲಿ ಬಾಗಿಲಿನ ಅಂಚು ಹಿಡಿದು, ಮೈಯ ಬಲವನ್ನೆಲ್ಲ ಹಾಕಿ ರಪ್ಪನೆ ನೂಕಿದರು. ಬಾಗಿಲು ಮುಚ್ಚಿತು. ಬೆರಳುಗಳು ಮಾತ್ರ ಸಕಾಲಕ್ಕೆ ಹೊರಗೆ ಬರುವುದನ್ನು ಮರೆತಿದ್ದವು.

ಮಾಸ್ಟರ ಕೂಗಿಗೆ ಇಡೀ ವಠಾರವೇ ಬಂತು. ಎಲ್ಲರಿಗಿಂತ ಮುಂದೆ ಬಂದವರು ಪಕ್ಕದ ಮನೆಯ ಕಾಂಪೌಂಡರ್ ತಾತ. ಕೆಲಸದಿಂದ ನಿವೃತ್ತರಾಗಿ ಹದಿನಾಲ್ಕು ವರ್ಷವಾಗಿದ್ದರೂ ಯಾರಿಗಾದರೂ ಪೆಟ್ಟಾಯಿತೆಂದರೆ ಅವರ ಮುಖದಲ್ಲಿ ಕಳೆ ಬರುತ್ತಿತ್ತು. ಅವರು ಮಾಸ್ಟರ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, "ಮೂಳೆ ಮುರಿದಿಲ್ಲ. ಆದ್ರೆ ಎರಡು ವಾರ ಈ ಕೈ ಇಲ್ಲ ಅಂದ್ಕೊಳಿ" ಎಂದು, ಮನೆಯಲ್ಲಿ ಉಳಿದಿದ್ದ ಹತ್ತಿಯನ್ನೂ ಬಟ್ಟೆಯನ್ನೂ ಪೂರ್ತಿ ಖಾಲಿ ಮಾಡಿ ಸುತ್ತಿದರು. ಸುತ್ತಿ ಮುಗಿಯುವಷ್ಟರಲ್ಲಿ ಕೈ ಒಂದು ಹೂಕೋಸಿನಷ್ಟಾಗಿತ್ತು.

"ಇವತ್ತೊಂದಿನ ರಜಾ ಹಾಕ್ರೀ" ಎಂದರು ಹೆಂಡತಿ.

"ಇವತ್ತಾ? ಇವತ್ತು ಪ್ರಾಣ ಹೋದ್ರೂ ರಜಾ ಹಾಕೋ ಹಾಗಿಲ್ಲ ಕಣೇ!"

ಮಾಸ್ಟರು ಹೇಳಿದ್ದು ಸುಳ್ಳಲ್ಲ. ಅವರು ಪೇಟೆಯ ದೊಡ್ಡ ಹೊಲಿಗೆ ಅಂಗಡಿಯ ಕಟಿಂಗ್ ಮಾಸ್ಟರು. ಅಂಗಡಿಯ ಯಜಮಾನರ ಮಗಳಿಗೆ ಮದುವೆ ಗೊತ್ತಾಗಿತ್ತು. ಆಗಲಿರುವ ಅಳಿಯನಿಗೆಂದು ಯಜಮಾನರು ಎಲ್ಲಿಂದಲೋ ತರಿಸಿದ್ದ ಬೂದುಬಣ್ಣದ ಬಟ್ಟೆ ಒಂದೇ ಒಂದು ಕೋಟಿಗೆ ಆಗುವಷ್ಟಿತ್ತು. ಇವತ್ತು ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ಸಂಜೆ ಐದಕ್ಕೆ ಅಳಿಯನಿಗೆ ತೊಡಿಸಿ ನೋಡಬೇಕು. "ಈ ಕೋಟು ಗೆದ್ರೆ ಹೊಸ ಅಂಗಡಿ ಉಸ್ತುವಾರಿ ನಿಮ್ಮದೇ ಮಾಸ್ಟರೇ" ಎಂದು ಯಜಮಾನರು ಎಲ್ಲರೆದುರೇ ಹೇಳಿದ್ದರು. ಕೈಗೆ ಪೆಟ್ಟಾಗಿದೆ ಎಂದು ಗೊತ್ತಾದರೆ ಬಟ್ಟೆ ನೇರ ಎದುರು ಸಾಲಿನ ಅಂಗಡಿಗೆ ಹೋಗುತ್ತಿತ್ತು, ಅದರ ಹಿಂದೆಯೇ ಉಸ್ತುವಾರಿಯೂ ಹೋಗುತ್ತಿತ್ತು.

ಹಾಗಾಗಿ ಮಾಸ್ಟರು ಎಡಗೈಯನ್ನು ನಂಬಿ ಹೊರಟರು. ಐವತ್ತೆರಡು ವರ್ಷ ಒಂದೇ ಮೈಯಲ್ಲಿದ್ದರೂ ಆ ಕೈಯ ಪರಿಚಯ ಅವರಿಗೆ ಅಷ್ಟಕ್ಕಷ್ಟೇ. ಅದು ಹಲ್ಲುಜ್ಜುವ ಬ್ರಷ್ಷನ್ನು ಮೂಗಿಗೆ ಹಾಕಿತು. ಅಂಗಿಯ ಗುಂಡಿಗಳನ್ನು ಒಂದೊಂದು ಕಾಜ ತಪ್ಪಿಸಿ ಹಾಕಿತು. ಮನೆಯ ಬೀಗದಲ್ಲಿ ಕೀಲಿಯನ್ನು ಯಾವ ಕಡೆಗೆ ತಿರುಗಿಸಬೇಕೆಂದೇ ಅದಕ್ಕೆ ತಿಳಿಯಲಿಲ್ಲ. ಬಸ್ಸಿನಲ್ಲಿ ಕಂಬ ಹಿಡಿಯುವುದೋ, ಚೀಟಿ ಹಿಡಿಯುವುದೋ ಎಂದು ತಡಕಾಡುವಾಗ ಬ್ರೇಕ್ ಬಿತ್ತು. ಮಾಸ್ಟರು ಒಬ್ಬ ದಪ್ಪ ಹೆಂಗಸಿನ ಮಡಿಲಲ್ಲಿ ಕೂತುಬಿಟ್ಟರು. "ವಯಸ್ಸಾಗಿದೆ, ನಾಚಿಕೆಯಾಗಲ್ವಾ?" ಎಂದು ಆಕೆ ಕೇಳಿದಳು. ನಾಚಿಕೆ ಆಗುತ್ತಲೇ ಇತ್ತು.

ಈಗ ಎಡಚಕ್ಕನ ವಿಷಯ ಹೇಳಬೇಕು. ಆಕೆ ಆ ಅಂಗಡಿಗೆ ಬಂದು ಎರಡು ವರ್ಷವಾಗಿತ್ತು. ನಲವತ್ತು ದಾಟಿದ, ಮಾತು ಕಮ್ಮಿಯ ಹೆಂಗಸು. ಆಕೆ ಎಲ್ಲ ಕೆಲಸವನ್ನೂ ಎಡಗೈಯಲ್ಲಿ ಮಾಡುವುದನ್ನು ಕಂಡು ಮಾಸ್ಟರು ಮೊದಲ ದಿನವೇ ಆ ಹೆಸರಿಟ್ಟಿದ್ದರು. ಅದು ಅಂಟಿನ ಹಾಗೆ ಅಂಟಿಕೊಂಡಿತ್ತು. ಕತ್ತರಿ ಕೆಲಸ ಗೊತ್ತಿದೆ ಎಂದು ಆಕೆ ಎಷ್ಟು ಹೇಳಿದರೂ ಮಾಸ್ಟರು ಕಟಿಂಗ್ ಮೇಜಿನ ಹತ್ತಿರ ಬಿಟ್ಟಿರಲಿಲ್ಲ. "ಎಡಗೈ ಕತ್ತರಿಸಿದ ಬಟ್ಟೆ ಮೈಗೆ ಹತ್ತಲ್ಲ. ನಮ್ಮ ಗುರುಗಳು ಹೇಳಿದ ಮಾತು" ಎನ್ನುತ್ತಿದ್ದರು. ಇದನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ ಯಜಮಾನರೂ ಅದನ್ನೇ ನಂಬಿಬಿಟ್ಟಿದ್ದರು. ಎರಡು ವರ್ಷದಿಂದ ಎಡಚಕ್ಕ ಮೂಲೆಯಲ್ಲಿ ಕೂತು ಕಾಲರು ಹೊಲಿಯುತ್ತಿದ್ದಳು.

ಆ ದಿನ ಮಾಸ್ಟರು ಬಲಗೈಯ ಮೇಲೆ ಒಂದು ಲೈನಿಂಗ್ ಬಟ್ಟೆ ಇಳಿಬಿಟ್ಟುಕೊಂಡು ಅಂಗಡಿಯೊಳಗೆ ಬಂದರು.

"ಏನ್ ಮಾಸ್ಟರೇ, ಬೆಳಿಗ್ಗೆನೇ ಬಟ್ಟೆ ಹೊತ್ಕೊಂಡು ಓಡಾಡ್ತಿದೀರಿ?" ಎಂದರು ಯಜಮಾನರು.

"ಬಣ್ಣ ಹೊಂದುತ್ತಾ ಅಂತ ನೋಡ್ತಿದೀನಿ ಸಾರ್."

"ಇದಕ್ಕೇ ನೋಡಿ ನಿಮ್ಮನ್ನ ಕಂಡ್ರೆ ನಂಗೆ ಗೌರವ" ಎಂದು ಯಜಮಾನರು ಮದುವೆಯ ಕಾಗದ ಹಂಚಲು ಹೊರಟರು. ಐದು ಗಂಟೆಯವರೆಗೆ ಅವರು ಬರುವ ಹಾಗಿರಲಿಲ್ಲ.

ಮಾಸ್ಟರು ಮೇಜಿನ ಸುತ್ತ ಪರದೆ ಎಳೆದರು. ಮೊದಲು ಹಳೆಯ ಚೂರೊಂದರ ಮೇಲೆ ಕೈ ಪಳಗಿಸೋಣವೆಂದು ಎಡಗೈಯಲ್ಲಿ ದೊಡ್ಡ ಕತ್ತರಿ ಹಿಡಿದರು. ಹೆಬ್ಬೆರಳು ತೂರಬೇಕಾದ ಕಡೆ ತೂರಲಿಲ್ಲ. ಹೇಗೋ ತೂರಿಸಿ ಒತ್ತಿದರೆ ಕತ್ತರಿ ಬಟ್ಟೆಯನ್ನು ಕತ್ತರಿಸಲಿಲ್ಲ, ಹಲ್ಲಿಲ್ಲದ ಮುದುಕನ ಹಾಗೆ ಸುಮ್ಮನೆ ಅಗಿಯಿತು. ಸೀಮೆಸುಣ್ಣದ ಗೆರೆ ಅಲಗಿನ ಮರೆಗೆ ಹೋಗಿ ಕಾಣಲೇ ಇಲ್ಲ. ಮಾಸ್ಟರು ಅಲಗಿಗೆ ಎಣ್ಣೆ ಬಿಟ್ಟರು, ತಿರುಪು ಬಿಗಿ ಮಾಡಿದರು, ಕೊನೆಗೆ ಕತ್ತರಿ ಮಾಡಿದವನ ವಂಶವನ್ನೇ ಬೈದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಪರದೆ ಸರಿಯಿತು. ಕಾಲರಿನ ಕಟ್ಟು ಹಿಡಿದುಕೊಂಡು ಎಡಚಕ್ಕ ನಿಂತಿದ್ದಳು. ಅವಳ ಕಣ್ಣು ಮೊದಲು ಹೂಕೋಸಿನ ಮೇಲೆ, ಆಮೇಲೆ ಅಗಿದ ಚೂರಿನ ಮೇಲೆ ಬಿತ್ತು.

"ಕತ್ತರಿ ಕೆಟ್ಟಿದೆ" ಎಂದರು ಮಾಸ್ಟರು.

"ಕತ್ತರಿ ಸರಿಯಾಗೇ ಇದೆ ಮಾಸ್ಟರೇ. ಅದು ಬಲಗೈಯೋರಿಗೆ ಅಂತ ಮಾಡಿದ್ದು. ಎಡಗೈಲಿ ಹಿಡಿದ್ರೆ ಅಲಗು ದೂರ ಸರಿಯುತ್ತೆ, ಗೆರೇನೂ ಕಾಣಲ್ಲ. ಎಡಗೈಗೆ ಬೇರೇನೇ ಬರುತ್ತೆ."

"ಹಾಗಾದ್ರೆ ನೀನು ಎರಡು ವರ್ಷದಿಂದ ದಾರ ಕತ್ತರಿಸ್ತಿರೋದು?"

"ಅಂಗಡಿ ಕತ್ತರೀಲೇ. ನನ್ನದನ್ನ ಇಲ್ಲಿ ತರಬೇಡ ಅಂದಿದ್ರಲ್ಲ ನೀವು."

ಮಾಸ್ಟರಿಗೆ ನೆನಪಾಯಿತು. ಹಾಗೆ ಅಂದಿದ್ದರು. ಅಂದಿದ್ದಷ್ಟೇ ಅಲ್ಲ, ದಾರ ಸರಿಯಾಗಿ ಕತ್ತರಿಸಲಿಲ್ಲವೆಂದು ವಾರಕ್ಕೆ ಮೂರು ಸಲ ಬೈದೂ ಇದ್ದರು. ಅರ್ಧ ಗಂಟೆ ಆ ಕತ್ತರಿ ಹಿಡಿದದ್ದಕ್ಕೇ ಅವರ ಹೆಬ್ಬೆರಳಿನ ಬುಡ ಕೆಂಪಾಗಿ ಉರಿಯುತ್ತಿತ್ತು. ಎಡಚಕ್ಕನ ಹೆಬ್ಬೆರಳಿನ ಬುಡದಲ್ಲಿ ಹುಣಸೆ ಬೀಜದಷ್ಟು ಗಂಟು ಕಟ್ಟಿತ್ತು. ದಿನಾ ಎದುರಿಗಿದ್ದ ಕೈ, ಅವರು ಅದನ್ನು ನೋಡಿದ್ದು ಅವತ್ತೇ ಮೊದಲು.

"ಎಡಚ... ಅಲ್ಲ, ಅಕ್ಕಾ," ಮಾಸ್ಟರ ದನಿ ಇಳಿಯಿತು. "ಈ ಕೋಟು ಕತ್ತರಿಸಿಕೊಡ್ತೀಯಾ?"

"ಮೈಗೆ ಹತ್ತಲ್ಲ ಅಂತೀರಲ್ಲ?"

"ಗುರುಗಳು ಹೇಳಿದ್ರು... ಅವರ ಕೈ ಯಾವತ್ತೂ ಬಾಗಿಲಿಗೆ ಸಿಕ್ಕಿರಲಿಲ್ಲ ಅಂತ ಕಾಣುತ್ತೆ."

ಅಕ್ಕ ನಗಲಿಲ್ಲ. ಅವಳ ಮನೆ ಅಂಗಡಿಯ ಹಿಂದಿನ ಬೀದಿಯಲ್ಲೇ ಇತ್ತು. ಹೋಗಿ ಹಳೆಯ ಟವೆಲಿನಲ್ಲಿ ಸುತ್ತಿಟ್ಟಿದ್ದ ತನ್ನ ಕತ್ತರಿ ತಂದಳು. ಮಾಸ್ಟರು ಅಳತೆ ಪುಸ್ತಕ ತೆರೆದು ಒಂದೊಂದೇ ಅಂಕಿ ಓದಿದರು. ಅಕ್ಕ ಗೆರೆ ಎಳೆದಳು. ಆಮೇಲೆ ಕತ್ತರಿ ಹೊರಟಿತು. ಮೂವತ್ತು ವರ್ಷದ ಅನುಭವದಲ್ಲಿ ಮಾಸ್ಟರು ಅಂಥ ಕೈ ನೋಡಿರಲಿಲ್ಲ. ತೋಳಿನ ಸುತ್ತಿನಲ್ಲಿ, ತಾವೂ ಒಂದು ಕ್ಷಣ ಉಸಿರು ಹಿಡಿಯುವ ಜಾಗದಲ್ಲಿ, ಅಕ್ಕನ ಕತ್ತರಿ ನಿಲ್ಲದೆ ತಿರುಗಿಕೊಂಡು ಹೋಯಿತು. ಇಂಥವಳನ್ನು ಎರಡು ವರ್ಷ ಮೂಲೆಯಲ್ಲಿ ಕೂರಿಸಿದೆನಲ್ಲ ಎಂದು ಅವರು ತಮ್ಮನ್ನೇ ಬೈದುಕೊಂಡರು.

ಕಚ್ಚಾ ಹೊಲಿಗೆಯನ್ನೂ ಅಕ್ಕನೇ ಹಾಕಿ ಮುಗಿಸಿದಳು, ಮಾಸ್ಟರು ಮತ್ತೆ ಬಲಗೈಯ ಮೇಲೆ ಲೈನಿಂಗ್ ಬಟ್ಟೆ ಇಳಿಬಿಟ್ಟುಕೊಂಡರು. ಐದಕ್ಕೆ ಸರಿಯಾಗಿ ಯಜಮಾನರು ಅಳಿಯನನ್ನೂ ಅವನ ಸ್ನೇಹಿತನನ್ನೂ ಕರೆದುಕೊಂಡು ಬಂದರು. ಬಂದಿದ್ದು ಇಬ್ಬರು, ಒಬ್ಬ ತೆಳ್ಳಗೆ, ಇನ್ನೊಬ್ಬ ದಪ್ಪಗೆ. ಮಾಸ್ಟರು ಕೋಟು ಹಿಡಿದು ತೆಳ್ಳಗಿನವನ ಕಡೆ ಹೆಜ್ಜೆ ಹಾಕುವಷ್ಟರಲ್ಲಿ ಯಜಮಾನರೇ ಅದನ್ನು ಕಸಿದುಕೊಂಡು, "ಬನ್ನಿ ಅಳಿಯಂದಿರೇ" ಎಂದು ದಪ್ಪಗಿನವನಿಗೆ ತೊಡಿಸಲು ಹೋದರು.

ತೋಳು ಮೊಣಕೈವರೆಗೆ ಹೋಗಿ ನಿಂತಿತು. ಇನ್ನೊಂದು ತೋಳು ಅಲ್ಲಿಗೂ ಹೋಗಲಿಲ್ಲ. ಎಳೆದರೆ ಕಚ್ಚಾ ಹೊಲಿಗೆ ಪಟಪಟ ಬಿಟ್ಟಿತು. ಹಾಗೇ ಹೆಗಲ ಮೇಲೆ ಹೊದಿಸಿ ನೋಡಿದರೂ ಎದೆಯ ಮೇಲೆ ಎರಡು ಅಂಚುಗಳ ನಡುವೆ ಒಂದು ಗೇಣು ಜಾಗ ಉಳಿದುಕೊಂಡಿತು.

"ಇದೇನ್ರೀ ಮಾಸ್ಟರೇ?" ಯಜಮಾನರ ಮುಖ ಕೆಂಪಾಯಿತು.

ಉತ್ತರ ಕೊಟ್ಟವನು ಇಸ್ತ್ರಿಯವನು. ಅಂಗಡಿಯಲ್ಲಿ ಅವನಿಗೆ ಗೊತ್ತಿಲ್ಲದೆ ಸೂಜಿಯೂ ಬೀಳುತ್ತಿರಲಿಲ್ಲ. "ಕತ್ತರಿಸಿದ್ದು ಮಾಸ್ಟರಲ್ಲ ಸಾರ್. ಎಡಚಕ್ಕ. ಪರದೆ ಸಂದೀಲಿ ನಾನೇ ನೋಡ್ದೆ."

"ಹಾಗೆ ಹೇಳಿ ಮತ್ತೆ! ಎಡಗೈ ಕತ್ತರಿಸಿದ್ದು ಮೈಗೆ ಹತ್ತಲ್ಲ ಅಂತ ನೀವೇ ಬಡ್ಕೋತಿದ್ರಿ. ಅವಳೇನಾದ್ರೂ ನಿಮಗೆ ಗೊತ್ತಿಲ್ಲದ ಹಾಗೆ ಕೈ ಹಾಕಿದ್ಲಾ?"

ತಪ್ಪಿಸಿಕೊಳ್ಳುವ ದಾರಿ ಬಾಗಿಲು ತೆರೆದುಕೊಂಡು ನಿಂತಿತ್ತು. ಹೂಂ ಎಂದರೆ ಸಾಕು. ಉಸ್ತುವಾರಿ ಉಳಿಯುತ್ತಿತ್ತು, ಗುರುಗಳ ಮಾತೂ ಉಳಿಯುತ್ತಿತ್ತು. ಮಾಸ್ಟರ ತಲೆ ಅರ್ಧ ಅಲ್ಲಾಡಿಯೂ ಬಿಟ್ಟಿತ್ತು. ಆಗ ಅಕ್ಕ ತನ್ನ ಕತ್ತರಿಯನ್ನು ಟವೆಲಿನಲ್ಲಿ ಸುತ್ತತೊಡಗಿದಳು. ಹೀಗಾಗುವುದು ಅವಳಿಗೆ ಹೊಸದಲ್ಲವೆಂಬಂತೆ ಸುತ್ತುತ್ತಿದ್ದಳು. ಅದನ್ನು ನೋಡಿ ಮಾಸ್ಟರಿಗೆ ತಡೆಯಲಾಗಲಿಲ್ಲ.

"ಇಲ್ಲ ಸಾರ್!" ಎಂದು ಲೈನಿಂಗ್ ಬಟ್ಟೆ ಕಿತ್ತೆಸೆದು ಕೈ ತೋರಿಸಿದರು. "ನನ್ನ ಕೈ ಜಜ್ಜಿಹೋಗಿತ್ತು. ನಾನೇ ಬೇಡಿಕೊಂಡೆ. ಅವಳ ಕೈಯಲ್ಲಿ ಒಂದು ನೂಲಿನಷ್ಟೂ ತಪ್ಪಿಲ್ಲ. ಬೇಕಾದ್ರೆ ಈಗಲೇ ಅಳೆದು ನೋಡಿ. ಎಡಗೈ ಬಲಗೈ ಅಂತ ಇಷ್ಟು ವರ್ಷ ನಾನು ಹೇಳಿದ್ದು ಬರೀ ಬೊಗಳೆ!"

ಅಕ್ಕನ ಕೈ ನಿಂತಿತು. ಅಂಗಡಿಯ ಮಿಷನ್ನುಗಳೆಲ್ಲ ನಿಂತವು. ಮಾಸ್ಟರು ಟೇಪು ಹಿಡಿದು, ಗೆಲ್ಲುವ ಮೊಕದ್ದಮೆಯ ವಕೀಲರಂತೆ ಒಂದೊಂದನ್ನೇ ಅಳೆದು ತೋರಿಸಿದರು. "ಎದೆ, ಪುಸ್ತಕದಲ್ಲಿ ಮೂವತ್ತಾರು. ಕೋಟಲ್ಲಿ? ಮೂವತ್ತಾರರ ಲೆಕ್ಕಕ್ಕೆ ಸರಿಯಾಗಿದೆ. ಭುಜ, ಸರಿ. ತೋಳು, ಸರಿ. ಈಗ ಹೇಳಿ ಸಾರ್, ತಪ್ಪು ಯಾರದು?"

"ಪುಸ್ತಕ ಬರೆದೋರು ಯಾರು?" ಎಂದು ಯಜಮಾನರು ಮೆಲ್ಲಗೆ ಕೇಳಿದರು.

ಪುಸ್ತಕದ ಅಕ್ಷರ ಮಾಸ್ಟರದೇ. ಅಷ್ಟರಲ್ಲಿ ತೆಳ್ಳಗಿನ ಸ್ನೇಹಿತ ಮುಂದೆ ಬಂದ. "ಮೂವತ್ತಾರು ನನ್ನ ಎದೆ ಅಂಕಲ್. ಅವತ್ತು ಇವರು ನನ್ನ ಅಳತೇನೇ ತಗೊಂಡ್ರು. ನನಗೂ ಒಂದು ಕೋಟು ಹೊಲಿಸ್ತಿದೀರಾ ಅಂತ ಖುಷಿಪಟ್ಟೆ."

"ಮತ್ತೆ ನೀವು ಸುಮ್ಮನಿದ್ರಾ ಅಳಿಯಂದಿರೇ?"

"ನಾನೂ ಕಾಯ್ತಾ ಇದ್ದೆ ಮಾವ. ಇವರು ಪುಸ್ತಕ ಮುಚ್ಚಿಬಿಟ್ರು. ಅಷ್ಟು ದೊಡ್ಡ ಮಾಸ್ಟರು ಅಂತ ನೀವು ಹೇಳಿದ್ರಲ್ಲ, ನನ್ನದನ್ನ ಕಣ್ಣಳತೆಯಲ್ಲೇ ತಗೊಂಡಿರ್ತಾರೆ ಅಂದ್ಕೊಂಡೆ."

ಅಳಿಯ ಮಾತಾಡುತ್ತಲೇ ಕೋಟಿನಿಂದ ಬಿಡಿಸಿಕೊಂಡು, ಹಣೆಯ ಬೆವರು ಒರೆಸಿಕೊಂಡು, ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ ಕುಡಿದ. ಎಲ್ಲವನ್ನೂ ಎಡಗೈಯಲ್ಲಿ.

"ಇಬ್ಬರಲ್ಲಿ ನಮ್ಮ ಅಳಿಯ ಯಾರು ಅಂತ ಕೇಳೋಕೆ ನಿಮಗೇನಾಗಿತ್ರೀ?" ಎಂದು ಯಜಮಾನರು ಗುಡುಗಿದರು.

ಮಾಸ್ಟರಿಗೆ ಆ ದಿನ ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು. ಯಜಮಾನರಿಲ್ಲದ ಹೊತ್ತಿಗೆ ಇಬ್ಬರು ಬಂದಿದ್ದರು. ದಪ್ಪಗಿನವನು ಆರ್ಡರ್ ಚೀಟಿಯ ಮೇಲೆ ಎಡಗೈಯಲ್ಲಿ ವಿಳಾಸ ಬರೆದ. ನಮ್ಮ ಯಜಮಾನರು ಎಡಚನಿಗೆ ಮಗಳನ್ನು ಕೊಟ್ಟಾರೆಯೇ ಎಂದುಕೊಂಡು ಮಾಸ್ಟರು ನಕ್ಕು, ಟೇಪನ್ನು ಇನ್ನೊಬ್ಬನ ಎದೆಗೆ ಸುತ್ತಿದ್ದರು. ಆ ಮಾತನ್ನು ಅಳಿಯನ ಎದುರಿಗೆ ಹೇಳುವುದು ಹೇಗೆ? ಹೇಳದೆ ಇರುವುದಾದರೂ ಹೇಗೆ?

"ಅವತ್ತು ನಾನು ಮೈ ಅಳೆಯೋಕೆ ಮುಂಚೆ ಕೈ ಅಳೆದೆ ಸಾರ್" ಎಂದರು ತಲೆ ತಗ್ಗಿಸಿ. "ಇವರು ಎಡಗೈಲಿ ಬರೀತಿದ್ರು. ಹಾಗಾಗಿ ಇವರು ಅಳಿಯ ಆಗಿರಲಾರರು ಅಂದ್ಕೊಂಡೆ."

ಯಜಮಾನರು ಸಿಡಿಯುವ ಮುಂಚೆ ಅಳಿಯನೇ ಗೊಳ್ಳೆಂದು ನಕ್ಕ. ಹೊಲಿಗೆ ಬಿಟ್ಟ ಕಡೆ ಅಕ್ಕ ಪಿನ್ನು ಚುಚ್ಚಿದ ಮೇಲೆ ಕೋಟು ಸ್ನೇಹಿತನ ಮೈಗೆ ಏರಿತು. ಹುಟ್ಟುವಾಗಲೇ ತೊಟ್ಟುಕೊಂಡು ಬಂದವನ ಹಾಗೆ ಕೂತಿತು. ಅಳಿಯ ಅದರ ಸುತ್ತ ಒಂದು ಸುತ್ತು ಬಂದು, ಬೇರೆ ಬಟ್ಟೆ ಹೇಗಿದ್ದರೂ ಪರವಾಗಿಲ್ಲ, ತನ್ನ ಕೋಟನ್ನೂ ಇದನ್ನು ಕತ್ತರಿಸಿದವರೇ ಕತ್ತರಿಸಬೇಕು ಎಂದುಬಿಟ್ಟ. ಯಜಮಾನರು ಎಷ್ಟಾದರೂ ವ್ಯಾಪಾರಸ್ಥರು. ಗಾಳಿ ಬೀಸಿದ ಕಡೆ ತೂರಿಕೊಂಡು, ಹೊಸ ಅಂಗಡಿಯ ಉಸ್ತುವಾರಿಯನ್ನು ಅಲ್ಲೇ, ನಿಂತ ನಿಲುವಿನಲ್ಲೇ ಅಕ್ಕನಿಗೆ ಕೊಟ್ಟರು.

ಮಾಸ್ಟರು ಇಂಗು ತಿಂದ ಮಂಗನಂತೆ ನಿಂತಿದ್ದರು. ವಿಚಿತ್ರವೆಂದರೆ ಅವರಿಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚು ಬರಲಿಲ್ಲ. ಕೈಯನ್ನು ಹೂಕೋಸು ಮಾಡಿದ ಕಾಂಪೌಂಡರ್ ತಾತನ ಮೇಲೆ ಮಾತ್ರ ಸ್ವಲ್ಪ ಸಿಟ್ಟು ಬಂತು.

"ನನ್ನ ಗತಿ ಏನು ಸಾರ್?" ಎಂದರು.

"ನನ್ನ ಯಾಕೆ ಕೇಳ್ತೀರಿ? ಕಟಿಂಗ್ ಮೇಜೂ ಇನ್ನು ಅವರದೇ, ಅವರನ್ನೇ ಕೇಳಿ."

ಮಾಸ್ಟರು ಅಕ್ಕನ ಕಡೆ ತಿರುಗಿದರು. ಅಕ್ಕ ಅವರ ಹೂಕೋಸನ್ನೂ, ಬರಿದಾಗಿದ್ದ ಎಡಗೈಯನ್ನೂ ನೋಡಿದಳು. ಆಮೇಲೆ ಗುಂಡಿಯ ಡಬ್ಬಿಯನ್ನೂ ಒಂದು ಸೂಜಿಯನ್ನೂ ಅವರ ಮುಂದಿಟ್ಟಳು.

"ಸದ್ಯಕ್ಕೆ ಇದನ್ನ ಹೊಲೀತಿರಿ ಮಾಸ್ಟರೇ, ಎಡಗೈ ಚೆನ್ನಾಗಿ ಪಳಗಲಿ" ಎಂದಳು. "ಬಲಗೈಯೋರನ್ನ ಮೇಜಿಗೆ ಸೇರಿಸ್ಕೋಬಹುದಾ ಅಂತ ಆಮೇಲೆ ಯೋಚನೆ ಮಾಡೋಣ."