ಕಲ್ಯಾಣಿಯಕ್ಕನ ಬೆಲ್ಲ ನೀರೂ ಅಮೆರಿಕದ ಪುಸ್ತಕವೂ

ನಮ್ಮ ಉಡುಪಿ ಕಡೆ ಒಂದು ಮಾತಿಗೆ ಬೆಲೆ ಬರಬೇಕಾದರೆ ಅದು ಒಮ್ಮೆಯಾದರೂ ಸಮುದ್ರ ದಾಟಿ ಬರಬೇಕು. ಹೆಜಮಾಡಿಯಲ್ಲಿರುವ ನನ್ನ ಷಡ್ಡಕ ದುಬೈಯಿಂದ ಬಂದ ತಲೆನೋವಿನ ಮುಲಾಮನ್ನು ತಲೆನೋವು ಇಲ್ಲದ ದಿನವೂ ಹಚ್ಚಿಕೊಳ್ಳುತ್ತಾನೆ. ಅವನನ್ನು ನೋಡಿ ನಾನು ನಗುವ ಹಾಗಿಲ್ಲ, ಏಕೆಂದರೆ ನನ್ನ ಅನ್ನವೇ ಸಮುದ್ರ ದಾಟಿ ಬಂದ ವಿದ್ಯೆಯದ್ದು. ಎಪ್ಪತ್ತರ ದಶಕದಲ್ಲಿ ಇಲ್ಲಿಯ ಒಂದು ಕಾಲೇಜಿನಲ್ಲಿ ಸಮಾಜಕಾರ್ಯ ಎಂಬ ವಿಷಯ ಶುರುವಾದಾಗ ಅದನ್ನು ಕಲಿಸಲು ಸೇರಿದವನು ನಾನು. ಬೇರೆಯವರ ಕಷ್ಟಕ್ಕೆ ಹೇಗೆ ನೆರವಾಗಬೇಕು ಎಂದು ಪಾಠ ಮಾಡಿ, ಪರೀಕ್ಷೆ ಇಟ್ಟು, ಡಿಗ್ರಿ ಕೊಡುವ ವಿದ್ಯೆ ಇದು. ಕಾರ್ಕಳಕ್ಕೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ, "ಕಷ್ಟದಲ್ಲಿ ಇದ್ದವರಿಗೆ ಸಹಾಯ ಮಾಡಲಿಕ್ಕೆ ಕಾಲೇಜು ಎಂತಕ್ಕೆ?" ಎಂದು ಕೇಳಿದರು. ನಮ್ಮ ಕಡೆಯ ದಲ್ಲಾಳಿ ಕೂಡಲೇ, "ಅದು ಮಣಿಪಾಲದ ಬದಿಯದ್ದು, ಒಂದು ನಮೂನೆ ಡಾಕ್ಟರಿಕೆಯೇ" ಎಂದುಬಿಟ್ಟ. ಮದುವೆ ಆಯಿತು. ಹೆಂಡತಿಯ ಕಡೆಯ ಮುದುಕರು ಈಗಲೂ ನನ್ನನ್ನು ಕಂಡರೆ ನಾಡಿ ನೋಡಲು ಕೈ ಮುಂದೆ ಮಾಡುತ್ತಾರೆ.

ನಮ್ಮ ಪಠ್ಯಪುಸ್ತಕ ಅಮೆರಿಕದ್ದು. ಅದರಲ್ಲಿ ಕಷ್ಟ ಹೇಳಿಕೊಳ್ಳಲು ಬರುವ ಹೆಂಗಸು ಹೇಳಿದ ಹೊತ್ತಿಗೆ ಸರಿಯಾಗಿ ಬರುತ್ತಾಳೆ, ಮೈಮೇಲಿನ ಹಿಮ ಕೊಡವಿ ಕೋಟನ್ನು ಗೋಡೆಗೆ ತೂಗುಹಾಕುತ್ತಾಳೆ, ಕುರ್ಚಿಯಲ್ಲಿ ಕುಳಿತು ಆಮೇಲೆ ಅಳುತ್ತಾಳೆ. ಇದನ್ನು ನಾನು ಮಾರ್ಚ್ ತಿಂಗಳ ಸೆಕೆಯಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಾ ಕಲಿಸಬೇಕು. ಬೆಳ್ಮಣ್‌ನಿಂದ ಬರುತ್ತಿದ್ದ ಸುಮತಿ ಎಂಬ ಹುಡುಗಿ ಒಮ್ಮೆ ಬಹಳ ಯೋಚಿಸಿ, "ಸರ್, ಕೋಟಿನ ಬದಲು ಕೊಡೆ ಆದರೆ ಆಗುತ್ತದಾ?" ಎಂದು ಕೇಳಿದಳು. ಕೋಟಿನದ್ದು ಹಾಗಿರಲಿ, ನನಗೆ ಹೊಟ್ಟೆ ಉರಿಯುತ್ತಿದ್ದದ್ದು ಪ್ರತಿ ಅಧ್ಯಾಯದ ಕೊನೆಯನ್ನು ನೋಡಿ. ಆ ಹೆಂಗಸನ್ನು ಸಂಬಂಧಪಟ್ಟ ಕಚೇರಿಗೆ ಕಳುಹಿಸುತ್ತಾರೆ, ಕಚೇರಿಯವರು ಅವಳ ಕೆಲಸ ಮಾಡಿಕೊಡುತ್ತಾರೆ, ಅಧ್ಯಾಯ ಮುಗಿಯುತ್ತದೆ. ಇಂಥ ಕಚೇರಿ ಇರುವ ದೇಶದಲ್ಲಿ ನಾನು ಕೂಡ ಒಳ್ಳೆಯ ಸಮಾಜಕಾರ್ಯಕರ್ತ ಆಗಿರುತ್ತಿದ್ದೆ.

ನಮ್ಮ ಕಾಲೇಜಿನ ಮಕ್ಕಳಿಗೆ ಮನೆಭೇಟಿ ಕಲಿಸಲು ನಾನು ಆರಿಸಿಕೊಂಡ ಊರು ಮಟ್ಟು. ಕಟಪಾಡಿಯಲ್ಲಿ ಬಸ್ಸಿಳಿದು, ಗುಳ್ಳ ಬದನೆಯ ಗದ್ದೆಗಳ ಬದುವಿನಲ್ಲಿ ನಡೆದು ಹೋದರೆ ಹೊಳೆಯ ಬದಿಗೆ ಕಲ್ಯಾಣಿಯಕ್ಕನ ಮನೆ. ಗಂಡ ತೀರಿಹೋಗಿದ್ದ. ಗುಳ್ಳ ಬೆಳೆದು ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದ ಹೆಂಗಸು. ಹಿತ್ತಿಲಲ್ಲಿ ಬಾವಿ ಉಂಟು, ಆದರೆ ಮಳೆ ನಿಂತು ಸ್ವಲ್ಪ ಸಮಯಕ್ಕೆಲ್ಲ ನೀರು ಉಪ್ಪು. ಸಿಹಿನೀರು ಬೇಕಾದರೆ ಗದ್ದೆಯಾಚೆಯ ಬಾವಿಯಿಂದ ತಲೆಯ ಮೇಲೆ ಹೊತ್ತು ತರಬೇಕು. ಅವಳಿಗೆ ಬೇಕಾಗಿದ್ದದ್ದು ಒಂದೇ, ಹತ್ತಿರದಲ್ಲಿ ಒಂದು ನಳ್ಳಿ. ಪುಸ್ತಕದ ಪ್ರಕಾರ ನಾವು ಯಾರಿಗೂ ಬುದ್ಧಿ ಹೇಳಬಾರದು, ಅವರ ಮನಸ್ಸಿನಲ್ಲಿರುವುದನ್ನು ಅವರಿಂದಲೇ ಹೊರಡಿಸಬೇಕು. ಸುಮತಿ ಹಾಗೆಯೇ, "ನಿಮಗೆ ಏನು ಅನ್ನಿಸುತ್ತದೆ ಅಕ್ಕ?" ಎಂದು ಕೇಳಿದಳು. "ಬಾಯಾರಿಕೆ ಅನ್ನಿಸುತ್ತದೆ" ಎಂದಳು ಕಲ್ಯಾಣಿಯಕ್ಕ.

ಹಾಗೆಂದವಳೇ ಒಳಗೆ ಹೋಗಿ ನಮಗೆ ಬೆಲ್ಲ ನೀರು ತಂದಿಟ್ಟಳು, ಕಚ್ಚಲು ಬೆಲ್ಲದ ತುಂಡು, ಕುಡಿಯಲು ಚೆಂಬಿನಲ್ಲಿ ನೀರು. ನಮ್ಮಲ್ಲಿ ಮನೆಗೆ ಬಂದವರು ಅದನ್ನು ಕುಡಿಯದೆ ಮಾತು ಮುಂದಕ್ಕೆ ಹೋಗುವುದಿಲ್ಲ. ಪುಸ್ತಕದಲ್ಲಿಯೋ, ಕಷ್ಟದಲ್ಲಿರುವವರ ಮನೆಯಲ್ಲಿ ಏನನ್ನೂ ಮುಟ್ಟಬಾರದು ಎಂದಿತ್ತು. ಮಕ್ಕಳು ಕೈಕಟ್ಟಿ ಕುಳಿತರು. ಕಲ್ಯಾಣಿಯಕ್ಕನ ಮುಖ ಸಣ್ಣದಾಯಿತು. "ನಮ್ಮ ಮನೆಯ ನೀರು ನಿಮಗೆ ಆಗುವುದಿಲ್ಲವಾ ಮಾಸ್ಟ್ರೇ?" ಎಂದಳು. ನಾನು ಚೆಂಬು ಎತ್ತಿ ಕುಡಿದೆ. ಮರುದಿನ ಪ್ರಿನ್ಸಿಪಾಲರ ಹತ್ತಿರ ಹೋಗಿ, ನಮ್ಮ ಪಾಠ ನಮ್ಮ ಜಗಲಿಯಿಂದ ಶುರುವಾಗಬೇಕು, ಮೊದಲು ಬೆಲ್ಲ ನೀರು, ಆಮೇಲೆ ಮಾತು, ಆಮೇಲೆ ಎಲ್ಲರೂ ಸೇರಿ ನಳ್ಳಿಗೆ ಓಡಾಟ ಎಂದು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, "ಇದು ಯಾವ ಪುಸ್ತಕದಲ್ಲಿ ಉಂಟು?" ಎಂದರು. ಯಾವುದರಲ್ಲೂ ಇಲ್ಲ ಎಂದೆ. "ಹಾಗಾದರೆ ಉಂಟಾದ ಮೇಲೆ ಬನ್ನಿ ಮಾರಾಯ್ರೆ" ಎಂದರು.

ಪುಸ್ತಕದಲ್ಲಿ ಅದು ಉಂಟಾಗಲು ಒಬ್ಬ ಪ್ರೊಫೆಸರಮ್ಮ ಅಮೆರಿಕದಿಂದ ಬರಬೇಕಾಯಿತು. ಯಾವ ಯಾವ ದೇಶದಲ್ಲಿ ಈ ವಿದ್ಯೆ ಹೇಗೆ ಬೆಳೆಯುತ್ತಿದೆ ಎಂದು ನೋಡುತ್ತಾ ಆಫ್ರಿಕ, ಫಿಲಿಪೈನ್ಸ್ ಎಲ್ಲ ಸುತ್ತಿ ಬಂದವರು. ನಮ್ಮ ಸಭೆಯಲ್ಲಿ ಎದ್ದು ನಿಂತು, "ನಮ್ಮ ಪುಸ್ತಕ ನಿಮಗೆ ಯಾಕೆ? ನಿಮ್ಮದೇ ದಾರಿ ಹುಡುಕಿ" ಎಂದು ಇಂಗ್ಲಿಷಿನಲ್ಲಿ ಹೇಳಿದಾಗ ಪ್ರಿನ್ಸಿಪಾಲರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅವರನ್ನು ಮಟ್ಟುವಿಗೆ ಕರೆದುಕೊಂಡು ಹೋದವನು ನಾನೇ. ಬೆಲ್ಲ ನೀರು ಕುಡಿದು ಅವರ ಕಣ್ಣು ತುಂಬಿತು, ಒಳ್ಳೆಯ ಮನಸ್ಸಿನ ಹೆಂಗಸು, ಸುಳ್ಳು ಹೇಳಬಾರದು. ಕಲ್ಯಾಣಿಯಕ್ಕ ತುಳುವಿನಲ್ಲಿ ನಳ್ಳಿಯ ವಿಷಯ ಕೇಳಲು ಹೇಳಿದಳು, ನಾನು ಕೇಳಿದೆ. ಹೊರಗಿನವರು ಮಾಡಿಕೊಟ್ಟರೆ ಜನ ಪರಾವಲಂಬಿಗಳಾಗುತ್ತಾರೆ, ಬೇಡಿಕೆ ಅವರೊಳಗಿನಿಂದಲೇ ಬೆಳೆಯಬೇಕು ಎಂದು ಪ್ರೊಫೆಸರಮ್ಮ ವಿವರಿಸಿದರು. ಇದನ್ನು ತುಳುವಿನಲ್ಲಿ ಹೇಳುವ ಧೈರ್ಯ ನನಗೆ ಬರಲಿಲ್ಲ. "ನೋಡುವ ಅಂತೆ" ಎಂದೆ.

ಎಂಬತ್ತರ ದಶಕದಲ್ಲಿ ಅವರ ಪುಸ್ತಕ ಹಡಗಿನಲ್ಲಿ ಬಂತು. ನಮ್ಮ ಬೆಲ್ಲ ನೀರಿಗೇ ಒಂದು ಇಡೀ ಅಧ್ಯಾಯ. ನನ್ನ ಹೆಸರು ಇಲ್ಲ, ಕಲ್ಯಾಣಿಯಕ್ಕನದ್ದೂ ಇಲ್ಲ, 'ಸ್ಥಳೀಯರೊಬ್ಬರು' ಎಂದು ಇಬ್ಬರನ್ನೂ ಸೇರಿಸಿ ಮುಗಿಸಿದ್ದರು. ಪ್ರಿನ್ಸಿಪಾಲರು ಪುಸ್ತಕವನ್ನು ನನ್ನ ಕೈಗಿಟ್ಟು, "ನೋಡಿ, ಎಂಥ ದೃಷ್ಟಿ! ನಮಗೆ ಯಾರಿಗಾದರೂ ಹೊಳೆಯಿತಾ?" ಎಂದರು. ಅಂದಿನಿಂದ ಮನೆಭೇಟಿಯಲ್ಲಿ ಬೆಲ್ಲ ನೀರು ಕುಡಿಯುವುದು ಕಡ್ಡಾಯ, ಅದಕ್ಕೆ ಅಂಕವೂ ಉಂಟು. ಪುಸ್ತಕದಲ್ಲಿರುವ ಮನೆ ಅದೇ ಎಂದು ಗೊತ್ತಾದ ಮೇಲೆ ಬೇರೆ ಊರಿನ ಕಾಲೇಜುಗಳಿಂದಲೂ ಮಕ್ಕಳು ವ್ಯಾನಿನಲ್ಲಿ ಬರತೊಡಗಿದರು. ಎಲ್ಲರೂ ಕುಡಿಯುತ್ತಾರೆ, ಬರೆದುಕೊಳ್ಳುತ್ತಾರೆ, ಹೋಗುತ್ತಾರೆ. ಅತಿಥಿಗೆ ಉಪ್ಪುನೀರು ಕೊಡುವುದು ಹೇಗೆ? ಅಷ್ಟೂ ಚೆಂಬು ಸಿಹಿನೀರನ್ನು ಕಲ್ಯಾಣಿಯಕ್ಕ ಗದ್ದೆಯಾಚೆಯಿಂದ ಹೊತ್ತು ತರುತ್ತಾಳೆ. ನಳ್ಳಿಗಾಗಿ ನಾನು ಸಂಬಂಧಪಟ್ಟ ಕಚೇರಿಗೆ ಹೋಗುತ್ತಲೇ ಇದ್ದೇನೆ. ಅಲ್ಲಿಯ ಗುಮಾಸ್ತ ನನ್ನನ್ನು ಕಂಡ ಕೂಡಲೇ ಕುರ್ಚಿ ಕೊಡುತ್ತಾನೆ, ಬೇರೆ ಏನೂ ಕೊಡುವುದಿಲ್ಲ.

ಕಳೆದ ತಿಂಗಳು ಹೊಸ ತಂಡವನ್ನು ಕರೆದುಕೊಂಡು ಮತ್ತೆ ಹೋದೆ. ಕಲ್ಯಾಣಿಯಕ್ಕನ ತಲೆ ನರೆತಿದೆ, ಕುತ್ತಿಗೆ ನೋವು ಎಂದು ಒಂದು ಬದಿಗೆ ತಿರುಗಿಯೇ ಮಾತಾಡುತ್ತಾಳೆ. ಮಕ್ಕಳಿಗೆಲ್ಲ ಕೊಡಪಾನದಿಂದ ನೀರು ಬಗ್ಗಿಸಿ ಬೆಲ್ಲದ ಜೊತೆ ಕೊಟ್ಟಳು. ಆಮೇಲೆ ನನ್ನ ಚೆಂಬನ್ನು ಹಿತ್ತಿಲಿಗೆ ಒಯ್ದು, ಮನೆಯ ಬಾವಿಯಿಂದ ಸೇದಿ ತುಂಬಿಸಿ ತಂದು ನನ್ನ ಮುಂದೆ ಇಟ್ಟಳು. ನಾನು ಅವಳ ಮುಖ ನೋಡಿದೆ. "ನೀವು ಇನ್ನೆಂತ ನೆಂಟರಾ ಮಾಸ್ಟ್ರೇ, ಮನೆಯವರೇ ಆದಿರಲ್ಲ" ಎಂದಳು. ಕೋಪ ಏನೂ ಇರಲಿಲ್ಲ ಆ ಮಾತಿನಲ್ಲಿ.

ಕಾರ್ಯಕರ್ತನನ್ನು ಮನೆಯವರು ತಮ್ಮವನೇ ಎಂದು ಒಪ್ಪಿಕೊಂಡ ದಿನ ಅವನ ಕೆಲಸ ಪೂರ್ಣ ಯಶಸ್ವಿ ಎಂದು ಪ್ರೊಫೆಸರಮ್ಮನ ಅಧ್ಯಾಯದ ಕೊನೆಯಲ್ಲಿ ಉಂಟು. ಮಕ್ಕಳಿಗೆ ಅದು ಬಾಯಿಪಾಠ. ಅವರು ನನ್ನನ್ನು ಭಕ್ತಿಯಿಂದ ನೋಡುತ್ತಿದ್ದರು, ಒಬ್ಬಳು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದಳು. ನಾನು ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡು ಆ ಉಪ್ಪುನೀರನ್ನು ತಳದವರೆಗೆ ಕುಡಿದೆ. "ಹೇಗುಂಟು ಸರ್?" ಎಂದು ಅವಳು ಕೇಳಿದಳು. "ಒಳ್ಳೆಯದುಂಟು, ಬರೆದುಕೊಳ್ಳಿ" ಎಂದೆ.